ಚಚಡಿಯ ಎತ್ತುಗಳು ಗೆದ್ದ ಸುದ್ದಿ

ರುದ್ರಪ್ಪ ಕಾಕಾ, ಆ ತಪ್ಪು ಪತ್ರಿಕೆಯ ಆಫೀಸಿನವರದಲ್ಲ — ನನ್ನದು. ಗೆದ್ದದ್ದು ನಿಮ್ಮ ಎತ್ತಿನ ಜೋಡಿ. ನಾನು ನಮ್ಮ ಮಾವನವರ ಜೋಡಿ ಗೆದ್ದಿತೆಂದು ಬರೆದೆ. ಬರೆದದ್ದಷ್ಟೇ ಅಲ್ಲ — ಕೇಳಲು ಬಂದ ನಿಮ್ಮೆದುರು ಸುಳ್ಳನ್ನೂ ಹೇಳಿದೆ.

ತೊಂಬತ್ತರ ದಶಕದ ಮಾತು. ನಾನು ಬೈಲಹೊಂಗಲದಿಂದ ಹುಬ್ಬಳ್ಳಿಯ ಪತ್ರಿಕೆಯೊಂದಕ್ಕೆ ಸುದ್ದಿ ಕಳಿಸುತ್ತಿದ್ದೆ. ಹೊಸ ಮದುವೆ, ಹೊಸ ಕೆಲಸ, ಹೋದಲ್ಲೆಲ್ಲ ನಮಸ್ಕಾರ — ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಬರೆದ ಕವರನ್ನು ಸಂಜೆಯ ಬಸ್ಸಿನ ಕಂಡಕ್ಟರರ ಕೈಗೆ ಕೊಟ್ಟರೆ ಮರುದಿನ ಸುದ್ದಿ ಬರುತ್ತಿತ್ತು. ಬಸ್ಸು ತಪ್ಪಿದರೆ ಸುದ್ದಿ ಹಳಸುತ್ತಿತ್ತು. ಹಾಗಾಗಿ ಭಾಷಣ ಶುರುವಾಗುವ ಮೊದಲೇ ‘ಮಾರ್ಮಿಕವಾಗಿ ಮಾತನಾಡಿದರು’ ಎಂದು ಬರೆದಿಡುವುದು ನಮ್ಮ ರೂಢಿ. ಭಾಷಣಕಾರರು ಯಾರೂ ನನ್ನನ್ನು ಸುಳ್ಳುಗಾರನನ್ನಾಗಿ ಮಾಡಿರಲಿಲ್ಲ. ಎತ್ತುಗಳು ಮಾಡಿದವು.

ಅದು ದೊಡವಾಡದ ಷರತ್ತು — ಎತ್ತಿನ ಚಕ್ಕಡಿಗಳ ಓಟದ ಪಂದ್ಯ. ಕೊನೆಗೆ ಉಳಿದದ್ದು ಎರಡೇ ಚಕ್ಕಡಿ — ಚಚಡಿಯಿಂದ ಬಂದ ನಿಮ್ಮದು, ಮಾವನವರದು. ಅತ್ತ ರಸ್ತೆಯಲ್ಲಿ ಧಾರವಾಡದ ಮೇಲೆ ಹುಬ್ಬಳ್ಳಿಗೆ ಹೋಗುವ ಬಸ್ಸು ಹಾರ್ನ್ ಹೊಡೆಯುತ್ತಿತ್ತು. ಮಾವನವರ ಎತ್ತುಗಳು ಅಲ್ಲಿಯವರೆಗೆ ಯಾರಿಗೂ ಸೋತಿರಲಿಲ್ಲ — ಇನ್ನೆಲ್ಲಿ ಸೋಲುತ್ತವೆ ಎಂದುಕೊಂಡು ಅವರ ಜೋಡಿಯೇ ಪ್ರಥಮ ಎಂದು ಬರೆದು ಕವರ್ ಕೊಟ್ಟುಬಿಟ್ಟೆ. ತಿರುಗಿ ಬರುವಷ್ಟರಲ್ಲಿ ಜನ ನಿಮ್ಮನ್ನು ಹೆಗಲ ಮೇಲೆ ಹೊತ್ತು ಗುಲಾಲು ಎರಚುತ್ತಿದ್ದರು. ಫೋನ್ ಮಾಡಿ ತಿದ್ದಿಸಬಹುದಿತ್ತು. ಆದರೆ ನೋಡದೆಯೇ ಬರೆದೆನೆಂದು ಹೇಳುವ ಧೈರ್ಯ — ಇರಲಿಲ್ಲ.

ಕೆಲವು ದಿನ ಬಿಟ್ಟು ನೀವು ಪತ್ರಿಕೆ ಮಡಚಿಕೊಂಡು ನಮ್ಮ ಮನೆಗೇ ಬಂದಿರಿ. ಮುಖದಲ್ಲಿ ಸಿಟ್ಟಿರಲಿಲ್ಲ.

“ತಮ್ಮಾ, ಪೇಪರಿನ್ಯಾಗ ನನ್ನ ಹೆಸರ ಬರತೈತಿ, ನೋಡವಾ ಅಂತ ರಾಮದುರ್ಗಕ್ಕ ಕೊಟ್ಟ ಮಗಳಿಗೆ ಹೇಳಿ ಕಳಿಸಿದ್ದೆ. ಏನಾತಿದು?”

“ಆಫೀಸಿನ್ಯಾಗ ತಪ್ಪು ಮಾಡ್ಯಾರ್ರಿ ಕಾಕಾ.”

ನೀವು ನಕ್ಕಿರಿ. “ಹೋಗ್ಲಿ ಬಿಡು. ಎತ್ತೇನ್ ಪೇಪರ್ ಓದತಾವು?” ಎಂದು ರೊಟ್ಟಿ ಉಂಡು ಹೊರಟಿರಿ. ನನ್ನ ಮಾತನ್ನು ನಂಬಿದಿರಲ್ಲ — ಅದೇ ಇಷ್ಟು ವರ್ಷ ನನ್ನನ್ನು ಚುಚ್ಚಿದ್ದು.

ಈಗ ನನ್ನ ಮಗಳು ನನಗೊಂದು ಬ್ಲಾಗ್ ಮಾಡಿಕೊಟ್ಟಿದ್ದಾಳೆ. ನಾನು ಒಂದೊಂದೇ ಅಕ್ಷರ ಹುಡುಕಿ ಒತ್ತುವುದನ್ನು ನೋಡಿ ತಾಯಿ-ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನನಗೂ ನಗು ತಡೆಯುವುದಿಲ್ಲ. ಮೊನ್ನೆ ಅವಳು ತನ್ನ ಅಜ್ಜನ ಹೆಸರಿದ್ದ ಹಳೆಯ ಪತ್ರಿಕೆಯ ತುಣುಕು ಹಿಡಿದು ಬಂದು, “ಅಪ್ಪಾ, ಮುತ್ಯಾನ ಎತ್ತು ಗೆದ್ದದ್ದು ಬರಿ,” ಎಂದಳು. ಅದೇ ಸುಳ್ಳನ್ನು ಮತ್ತೆ ಬರೆಯಲಾಗಲಿಲ್ಲ. ಅವಳಿಗೆ ನಿಜ ಹೇಳಿ, ಮಾವನವರಿಗೂ ಫೋನ್ ಮಾಡಿ ಹೇಳಿದೆ. ಅವರು ಬಿದ್ದು ಬಿದ್ದು ನಕ್ಕರು.

“ಅಳಿಯಂದ್ರ, ಸೋತಾಂವ ನಾನು, ನನಗ ಗೊತ್ತಿಲ್ಲೇನ್ರಿ? ನಿಮ್ಮ ಮರ್ಯಾದಿ ಹೋಗಬಾರದಂತ ಸುಮ್ಮನಿದ್ದೆ. ಚಚಡಿಗೆ ಹೋಗೂದಾದ್ರ ನಾನೂ ಬರತೇನಿ.”

ಹೋಗುತ್ತೇವೆ, ಕಾಕಾ. ಆದರೆ ಮೊದಲು ರಾಮದುರ್ಗಕ್ಕೆ. ಇದನ್ನು ಮುದ್ರಿಸಿ ನಿಮ್ಮ ಮಗಳ ಕೈಗೆ ಕೊಟ್ಟು, ಅವಳು ಓದಿ ಮುಗಿಸುವವರೆಗೆ ಎದುರಿಗೆ ನಿಂತಿರುತ್ತೇನೆ. ಆಮೇಲೆ ನಿಮ್ಮಲ್ಲಿಗೆ.

ಸುದ್ದಿ ಇಷ್ಟು: ದೊಡವಾಡದ ಚಕ್ಕಡಿ ಷರತ್ತಿನಲ್ಲಿ ಚಚಡಿಯ ರುದ್ರಪ್ಪನವರ ಜೋಡಿ ಪ್ರಥಮ, ನಮ್ಮ ಮಾವನವರ ಜೋಡಿ ದ್ವಿತೀಯ. ವರದಿಗಾರ ಓಟ ನೋಡಿರಲಿಲ್ಲ.