ಉರಿಯದೆ ಉಳಿದ ಮೂರು ತುಂಡು ಧೂಪ

೧೯೯೮ರ ಚಳಿಗಾಲ. ಆಗ ನಾವು ದುಬೈಯಲ್ಲಿ ಒಂದು ಕೋಣೆಯ ಫ್ಲ್ಯಾಟಿನಲ್ಲಿದ್ದೆವು. ನಮ್ಮವರಿಗೆ ರಾಸ್ ಅಲ್ ಖೋರ್‌ನ ವರ್ಕ್‌ಶಾಪಿನಲ್ಲಿ ಕೆಲಸ. ಕೆಲಸ ಬಿಟ್ಟು ಊರಿಗೆ ಮರಳಿದ ಎಂಜಿನಿಯರೊಬ್ಬರು ನೆಲದಡಿಯ ಲೋಹ ಹುಡುಕುವ ಯಂತ್ರವೊಂದನ್ನು ಇವರಿಗೆ ಕೊಟ್ಟು ಹೋಗಿದ್ದರು. ಅಂದಿನಿಂದ ಶುಕ್ರವಾರ ಬಂತೆಂದರೆ ಮರಳುಗಾಡು. ಸಮುದ್ರದ ಕಡೆಗಿದ್ದ ಒಂದು ಪಾಳು ಗೋಡೆಯ ಬಳಿ ಹಿಂದೆ ಯಾವಾಗಲೋ ಕಾದಾಟ ನಡೆದಿತ್ತಂತೆ. ಇವರು ಅಲ್ಲಿ ಯಂತ್ರ ಆಡಿಸುವಾಗ ನಾನೂ ಆರು ವರ್ಷದ ಮಗಳೂ ಚಾಪೆ ಹಾಸಿ ಕೂರುತ್ತಿದ್ದೆವು.

ಆ ದಿನ ಕೋವಿಯ ತುಕ್ಕು ಹಿಡಿದ ಕೀಲೊಂದು, ಸೀಸದ ಗುಂಡುಗಳು, ಮತ್ತೆ ಅಂಗಿಯ ಒಂದು ಲೋಹದ ಗುಂಡಿ ಸಿಕ್ಕವು. ಗಾಳಿಯ ಸುಳಿವಿರಲಿಲ್ಲ. ಯಂತ್ರ ಮಾತ್ರ ಕುಂಯ್ ಎನ್ನುತ್ತಿತ್ತು. "ಅಮ್ಮಾ, ಇಟ್ಸ್ ಕ್ರೈಯಿಂಗ್" ಎಂದು ಮಗಳು ನನ್ನ ಸೆರಗು ಹಿಡಿದಳು. ಆ ಗುಂಡಿಯನ್ನು ಯಾವ ತಾಯಿ ಹೊಲಿದಿದ್ದಳೋ ಎನ್ನಿಸಿ, ಅದನ್ನು ಮತ್ತೆ ಮರಳಲ್ಲೇ ಹೂತು ಕೈಮುಗಿದೆ.

ಕೊನೆಗೆ ಸಿಕ್ಕಿದ್ದು ಮುಷ್ಟಿಗಾತ್ರದ ಹಿತ್ತಾಳೆ. "ನೋಡು ಮಾರಾಯ್ತಿ, ಕಳಶದ ತುದಿ ಇದ್ದ ಹಾಗೆ ಉಂಟು!" ಎಂದರು ಇವರು. ಸತ್ತವರ ನೆಲದ್ದು ಎಂದು ನಾನು ಯೋಚಿಸಬೇಕಿತ್ತು. ಯೋಚಿಸಲಿಲ್ಲ. ಮನೆಗೆ ತಂದು, ದೀಪಗಳನ್ನು ತಿಕ್ಕುವ ಹಾಗೆ ಹುಣಸೆಹುಳಿ ಹಾಕಿ ತಿಕ್ಕಿದೆ. ಚಿನ್ನದಂತೆ ಹೊಳೆಯಿತು. ಅದರ ತುದಿಯ ಕೆಳಗೆ, ಪಕ್ಕದಲ್ಲೊಂದು ಸಣ್ಣ ತೂತಿತ್ತು. ಧೂಪದ ಕಡ್ಡಿ ಅಳತೆ ಮಾಡಿದ ಹಾಗೆ ಅದರಲ್ಲಿ ಕೂತಿತು. ದೇವರ ಮುಂದೆ ಇಟ್ಟೆ.

ನಮ್ಮ ಧೂಪಕ್ಕೆ ಒಳಗೆ ಬಿದಿರುಕಡ್ಡಿ ಇರುವುದಿಲ್ಲ, ಬುಡದವರೆಗೂ ಉರಿಯುತ್ತದೆ. ಆದರೆ ಶನಿವಾರ ಸಂಜೆ ಹಚ್ಚಿದ್ದು ತೂತಿಗೆ ಹೆಬ್ಬೆರಳಗಲ ಇರುವಾಗ ಆರಿಹೋಯಿತು. ಭಾನುವಾರ ಹೊಸ ಪೊಟ್ಟಣ ಒಡೆದೆ. ಅಲ್ಲೇ ಆರಿತು. ಸೋಮವಾರ ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಿ ಎದುರೇ ಕೂತೆ. ಕೆಂಡ ಇಳಿಯುತ್ತಾ ಬಂದು ಅದೇ ಜಾಗದಲ್ಲಿ, ಯಾರೋ ಬೆರಳಿನಿಂದ ಹಿಸುಕಿದ ಹಾಗೆ ಕಪ್ಪಾಯಿತು. ದೇವರಿಗೆ ನನ್ನ ಪೂಜೆ ಬೇಡವಾಯಿತೇ ಎಂದು ಅತ್ತುಬಿಟ್ಟೆ.

ಮಂಗಳವಾರ ಸಂಜೆ ಹೊಸ ಧೂಪ ಸಿಕ್ಕಿಸಿ ಬೆಂಕಿಕಡ್ಡಿ ಗೀರಿದ್ದೆ. ಅಷ್ಟರಲ್ಲಿ ಎದುರು ಫ್ಲ್ಯಾಟಿನ ಅಜ್ಜ ಶೇಂಗಾ ಹೋಳಿಗೆ ಕೊಡಲು ಬಂದರು. ಬಿಜಾಪುರದವರು, ಸೇನೆಯ ತೋಪಿನ ದಳದಲ್ಲಿದ್ದು ನಿವೃತ್ತರಾದವರು, ಮಗನ ಮನೆಗೆ ವಿಸಿಟ್ ವೀಸಾದಲ್ಲಿ ಬಂದಿದ್ದರು.

"ತಂಗೀ, ಕಡ್ಡಿ ಆರ್ಸು! ಮೊದಲ ಆರ್ಸು!"

ಆರಿಸಿದೆ.

"ಎಂತ ಆಯ್ತು ಅಜ್ಜಾ?"

"ತೋಪಿನ ಗುಂಡಿನ ಮೂತಿ ಐತಿ ಅದು. ಆ ತೂತಿನ್ಯಾಗ ಕಿಡಿ ಬಿದ್ರ ಒಳಗಿನ ಮದ್ದು ಹತ್ತತೈತಿ. ಮುಟ್ಟಬ್ಯಾಡ. ಕೂಸಿನ್ನ ಎತಗೊಂಡು ಹೊರಗ ನಡಿ."

ಕೆಲಸದಿಂದ ಬಂದು ಕೂತಿದ್ದ ಇವರು ಎದ್ದುನಿಂತರು. "ಪೊಲೀಸರಿಗೆ ಹೇಳಿದರೆ ನಮ್ಮ ವೀಸಾ ಖಲಾಸ್ ಅಜ್ಜಾ."

"ವೀಸಾ ಹೋದ್ರ ಹೋಗ್ಲಿ, ಮಗಳು ಉಳೀಲಿ. ಫೋನ್ ಮಾಡಪಾ."

ಮಾಡಿದರು. ಪೊಲೀಸರು ಬಂದು ಇಡೀ ಕಟ್ಟಡದವರನ್ನು ಕೆಳಗಿಳಿಸಿದರು. ಅದನ್ನು ಮರಳು ತುಂಬಿದ ಪೆಟ್ಟಿಗೆಯಲ್ಲಿಟ್ಟು ಒಯ್ದರು. ಯಂತ್ರವನ್ನೂ ತೆಗೆದುಕೊಂಡರು, ಇವರನ್ನು ಚೆನ್ನಾಗಿ ಬೈದರು. ವೀಸಾ ಉಳಿಯಿತು. ಒಳಗಿನ ಮದ್ದು ಇನ್ನೂ ಒಣಗಿಯೇ ಇತ್ತು, ಕಿಡಿ ತಾಕಿದ್ದರೆ ಸಿಡಿಯುತ್ತಿತ್ತೆಂದು ಮರುದಿನ ಫೋನಿನಲ್ಲಿ ಹೇಳಿದರು.

ಬುಧವಾರ ಸಂಜೆ ಅದೇ ಪೊಟ್ಟಣದ ಧೂಪವನ್ನು ಅಕ್ಕಿ ತುಂಬಿದ ಲೋಟದಲ್ಲಿ ಸಿಕ್ಕಿಸಿ ಹಚ್ಚಿದೆ. ಬುಡದವರೆಗೂ ಉರಿದು ಬೂದಿಯಾಯಿತು.

ಆರಿದ್ದ ಆ ಮೂರು ತುಂಡುಗಳು ಇವತ್ತಿಗೂ ನನ್ನ ಕುಂಕುಮದ ಡಬ್ಬಿಯಲ್ಲಿವೆ. ಆರಿಸಿದ್ದು ದೇವರೆಂದೇ ನಂಬಿದ್ದೇನೆ. ಆದರೆ ಆ ಬೆರಳು ಯಾರದಿತ್ತೋ ಎಂದು ಒಮ್ಮೊಮ್ಮೆ ಅನ್ನಿಸುತ್ತದೆ. ದಿನವೂ ದೇವರಿಗೆ ಹೂವಿಟ್ಟ ಮೇಲೆ, ಮರಳಲ್ಲಿ ಅಂಗಿಯ ಗುಂಡಿ ಬಿಟ್ಟುಹೋದ ಆ ಹೆಸರಿಲ್ಲದವನಿಗೂ ಒಂದು ಹೂ ಇಡುತ್ತೇನೆ.