ದೊಗಳೆ ಬಟ್ಟೆಗೂ ಒಂದು ಅಳತೆ

ಬಟ್ಟೆ ಅಂಗಡಿಗೆ ಹೋದರೆ ಬೇರೆ ಹೆಂಗಸರು ಮೊದಲು ಬಣ್ಣ ನೋಡುತ್ತಾರೆ, ಆಮೇಲೆ ಪ್ರಿಂಟು. ನಾನು ನೋಡುತ್ತಿದ್ದದ್ದು, ಇದರಲ್ಲಿ ಮುಷ್ಟಿಗೆ ಎಷ್ಟು ಬಟ್ಟೆ ಸಿಗುತ್ತದೆ ಅಂತ. ಮುಷ್ಟಿ ನನ್ನ ಗಂಡನದು.

ಸೀರೆಯಾದರೆ ಸೆರಗು ಸಿಗುತ್ತಿತ್ತು. ಬಾವಿಹಗ್ಗದ ಹಾಗೆ ಮುಂಗೈಗೆ ಸುತ್ತಿಕೊಂಡು ಎಳೆದರೆ ನಾನು ಅಡುಗೆಮನೆಯಿಂದ ಹಾಲ್‌ಗೆ ಬಂದು ಬೀಳುತ್ತಿದ್ದೆ. ಚೂಡಿದಾರ್ ಹಾಕಲು ಶುರುಮಾಡಿದ ಮೇಲೆ ದುಪಟ್ಟಾ. ಅದು ಇನ್ನೂ ಕೆಟ್ಟದ್ದು, ಕುತ್ತಿಗೆಯಲ್ಲೇ ಇರುತ್ತದಲ್ಲ. ಮೈಗಂಟಿದ ಕುರ್ತಾ ಹಾಕಿದರೆ ಬಟ್ಟೆ ಸಿಗದೆ ಜಡೆಗೆ ಕೈ ಹಾಕುತ್ತಿದ್ದರು. ಐವತ್ತು ದಾಟಿದ ಮೇಲೆ ಒಂದು ದಿನ ಹೋಗಿ ಕೂದಲು ಬಾಬ್ ಮಾಡಿಸಿಕೊಂಡೆ. ಥೈರಾಯ್ಡ್, ಉದುರುತ್ತಿತ್ತು ಅಂತ ಎಲ್ಲರಿಗೂ ಹೇಳಿದೆ. ಎಷ್ಟು ಸ್ಮಾರ್ಟ್ ಆಗಿ ಕಾಣ್ತೀರಿ ಅಂದರು.

ಹೊರಗಿನವರಿಗೆ ನಮ್ಮದು ಡೀಸೆಂಟ್ ಫ್ಯಾಮಿಲಿ. ಗಂಗಾನಗರದಲ್ಲಿ ನನ್ನ ಗಂಡನ ಅಪ್ಪನ ಕಾಲದ ರಾಗಿ ಹೊಲದ ಮೇಲೆ ಎದ್ದ ಮನೆ. ಕೆಳಗೆ ಬಾಡಿಗೆಯವರು, ಮೇಲೆ ನಾವಿಬ್ಬರು. ಕಾನ್ವೆಂಟಲ್ಲಿ ಓದಿದ ಹುಡುಗಿ ಅಂತಲೇ ಅವರ ಮನೆಯವರು ನನ್ನನ್ನು ಒಪ್ಪಿದ್ದು. ಆಮೇಲೆ ಅದೇ ನನ್ನ ಗಂಡನಿಗೆ ಸಿಟ್ಟು ಬರಿಸುವ ವಿಷಯವಾಯಿತು. ಹೊಡೆಯುವಾಗ "ಇಂಗ್ಲೀಸಲ್ಲಿ ಅಳು, ನೋಡಾನ" ಅನ್ನುತ್ತಿದ್ದರು. ನಾನು ಯಾವ ಭಾಷೆಯಲ್ಲೂ ಅಳುತ್ತಿರಲಿಲ್ಲ. ಮೇಲೆ ಗಲಾಟೆ ಶುರುವಾದರೆ ಕೆಳಗಿನ ಮನೆಯ ಟೀವಿ ಸೌಂಡ್ ಜೋರಾಗುತ್ತದೆ. ನಮ್ಮ ಮರ್ಯಾದೆ ಕಾಪಾಡುತ್ತಿದ್ದೇವೆ ಅಂತ ಅವರ ಭಾವನೆ ಇರಬೇಕು, ಪಾಪ.

ಸ್ಕೂಲಿನಲ್ಲೂ ಏಟು ತಿಂದವಳೇ ನಾನು. ಅಸೆಂಬ್ಲಿ ಆದ ಮೇಲೆ ಸಿಸ್ಟರ್ ನಮ್ಮನ್ನು ಸಾಲಾಗಿ ಮಂಡಿಯೂರಿಸಿ ಯೂನಿಫಾರ್ಮಿನ ಅಂಚು ನೆಲಕ್ಕೆ ತಾಗುತ್ತದಾ ಅಂತ ನೋಡುತ್ತಿದ್ದರು. ತಾಗದಿದ್ದವರ ಮೀನಖಂಡಕ್ಕೆ ಮರದ ಸ್ಕೇಲು. ಚುರ್ ಅನ್ನುತ್ತಿತ್ತು. ಆದರೆ ಆ ಏಟಿಗೊಂದು ರೂಲ್ ಇತ್ತು. ಅಮ್ಮ ಅಂಚು ಬಿಚ್ಚಿ ಉದ್ದ ಮಾಡಿಕೊಟ್ಟರೆ ಮರುದಿನ ಏಟಿಲ್ಲ. ಮರದ ಕೆಳಗೆ ಕೂತು ಒಬ್ಬರ ಕಾಲಿನ ಬರೆ ಇನ್ನೊಬ್ಬರಿಗೆ ತೋರಿಸಿಕೊಂಡು ನಗುತ್ತಿದ್ದೆವು. ಆ ನಗು ಈಗಲೂ ಕಿವಿಯಲ್ಲಿದೆ. ಅಷ್ಟು ಸಲೀಸಾಗಿ ಬರೆ ತೋರಿಸುವ ಸ್ನೇಹ ಆಮೇಲೆ ನನಗೆ ಎಲ್ಲೂ ಸಿಗಲಿಲ್ಲ.

ಆ ಗೆಳತಿಯರು ವರ್ಷಕ್ಕೊಮ್ಮೆ ಲಂಚ್‌ಗೆ ಸೇರುತ್ತಾರೆ. ನಾನು ಒಂದು ಸಲವೂ ಹೋಗಿರಲಿಲ್ಲ. ಹೇಗೋ ನನ್ನ ಗಂಡನಿಗೆ ತಾರೀಖು ತಿಳಿದುಬಿಡುತ್ತಿತ್ತು, ಹಿಂದಿನ ದಿನ ಏಟು ನನ್ನ ಮುಖಕ್ಕೇ ಬೀಳುತ್ತಿತ್ತು. ವೈರಲ್ ಫೀವರ್ ಅಂತ ಮೆಸೇಜ್ ಹಾಕುತ್ತಿದ್ದೆ. ಈ ಸಲ ಹೆಬ್ಬಾಳದ ಹೋಟೆಲೊಂದರಲ್ಲಿ, ಮನೆಯಿಂದ ಕೂಗಳತೆ ಅನ್ನಬೇಕು. ನಮಗೆಲ್ಲ ಎಪ್ಪತ್ತು ದಾಟಿದೆ, ಗ್ರೂಪಿನಲ್ಲಿ ಆಗಲೇ ಕೆಲವರು ಇಲ್ಲ. ಈ ಸಲ ಹೋಗದಿದ್ದರೆ ಇನ್ನು ಹೋಗುವುದಿಲ್ಲ ಅನಿಸಿತು. ಯಾರೋ ಥೀಮ್ ಬೇರೆ ಇಟ್ಟಿದ್ದರು. ನೋ ಸ್ಯಾರೀಸ್ ಗರ್ಲ್ಸ್, ಎಲ್ಲರೂ ಬೋಹೋ.

ಯಲಹಂಕದಲ್ಲಿರುವ ಮಗಳಿಗೆ ಫೋನ್ ಮಾಡಿದೆ. "ಬೋಹೋ ಅಂದ್ರೇನೇ?"

"ನಿಮ್ಮ ಕಾಲದ ಹಿಪ್ಪಿಗಳು ಹಾಕ್ತಿದ್ರಲ್ಲಮ್ಮ, ದೊಗಳೆ ದೊಗಳೆಯಾಗಿ, ಹೂವು, ಕುಚ್ಚು, ಅಗಲ ತೋಳು. ನಿಂಗೆ ಚೆನ್ನಾಗಿರತ್ತೆ. ಕೊಡಿಸ್ತೀನಿ ಬಾ."

ಆರ್.ಟಿ. ನಗರದ ಮೇನ್ ರೋಡಿನಲ್ಲಿ ಮೆಡಿಕಲ್ ಸ್ಟೋರ್ ಮೇಲೆ ಒಂದು ಅಂಗಡಿ. ಅಲ್ಲಿಯ ಹುಡುಗಿ ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಹಸಿರು ಉದ್ದ ಡ್ರೆಸ್ ಒಂದನ್ನು ತೆಗೆದಳು. "ಇದು ಫ್ರೀ ಸೈಜು ಆಂಟಿ. ಎಲ್ರಿಗೂ ಆಗತ್ತೆ."

ಹಾಕಿಕೊಂಡೆ. ಭುಜದ ಹೊಲಿಗೆ ಮೊಣಕೈ ಹತ್ತಿರ ಬಂದು ನಿಂತಿತ್ತು. ನನ್ನ ಕೈ ಎಲ್ಲಿ ಹೋಯಿತೋ ಗೊತ್ತಿಲ್ಲ.

"ಶಾಮಿಯಾನ," ಅಂದಳು ಮಗಳು. "ಒಳಗೆ ಐವತ್ತು ಚೇರ್ ಹಾಕಬಹುದು."

"ಲೂಸ್ ಫಿಟ್ ಇರೋದೇ ಹಾಗೆ ಮೇಡಂ. ಬೇಕಾದ್ರೆ ಎಕ್ಸೆಲ್ ಕೊಡ್ತೀನಿ."

ಎಕ್ಸೆಲ್ ಆಯಿತು, ಎಲ್ ಆಯಿತು. ಸಡಿಲ ಬಟ್ಟೆ ಕೊಳ್ಳುವುದು ಬಿಗಿ ಬಟ್ಟೆ ಕೊಳ್ಳುವುದಕ್ಕಿಂತ ಕಷ್ಟ ಅಂತ ಆವತ್ತೇ ಗೊತ್ತಾದದ್ದು. ಬಿಗಿಯಾದದ್ದು ಆಗದಿದ್ದರೆ ಮೈಯೇ ಹೇಳಿಬಿಡುತ್ತದೆ. ಇದು ಎಲ್ಲದಕ್ಕೂ ಹೂಂ ಅನ್ನುತ್ತದೆ. ಭುಜದ ಹೊಲಿಗೆ ಭುಜದ ಮೇಲೇ ಕೂರಬೇಕು, ಕಂಕುಳ ಕೆಳಗೆ ಜೋಲಬಾರದು, ಅಂಚು ಹಿಮ್ಮಡಿಗಿಂತ ಮೇಲಿರಬೇಕು. ಮಿಕ್ಕದ್ದು ಎಷ್ಟು ಬೇಕಾದರೂ ಹಾರಾಡಲಿ. ಮಗಳು ಇದನ್ನೆಲ್ಲ ಹೇಳಿ ಎಂ ಸೈಜ್ ತರಲು ಹೋದಳು. ನಾನು ಟ್ರಯಲ್ ರೂಮಿನಲ್ಲಿ ಎಲ್ ಹಾಕಿಕೊಂಡೇ ನಿಂತಿದ್ದೆ.

ಅವಳು ಪರದೆ ಸರಿಸಿದಾಗ ನಾನು ಬೆನ್ನ ಹಿಂದೆ ಕೈ ತಂದು, ಕತ್ತಿನ ಕೆಳಗಿನ ಬಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಎಳೆದು ನೋಡುತ್ತಿದ್ದೆ. ಮುಂದುಗಡೆ ಕುತ್ತಿಗೆಗೆ ಎಷ್ಟು ಬಿಗಿಯುತ್ತದೆ ಅಂತ ಕನ್ನಡಿಯಲ್ಲಿ ಕಾಣುತ್ತಿತ್ತು.

"ಏನ್ ಮಾಡ್ತಿದ್ದೀಯಮ್ಮ?"

"ಫಿಟಿಂಗ್ ನೋಡ್ತಿದ್ದೆ."

ಅವಳಿಗೆ ಬಿಡಿಸಿ ಹೇಳಬೇಕಿರಲಿಲ್ಲ. ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಒಮ್ಮೆ ನಮ್ಮಿಬ್ಬರ ನಡುವೆ ಬಂದು ನಿಂತಿದ್ದಳು. ಅವಳ ಅಪ್ಪ ಅವಳನ್ನು ಎತ್ತಿ ಗೋಡೆಗೆ ಎಸೆದಿದ್ದರು, ಕಾಲರ್ ಬೋನ್ ಮುರಿದಿತ್ತು. ಆ ಕಡೆಯ ಭುಜ ಈಗಲೂ ಸ್ವಲ್ಪ ತಗ್ಗು.

"ಯಲಹಂಕಕ್ಕೆ ಬಂದ್ಬಿಡಮ್ಮ," ಅಂದಳು, ಎಷ್ಟನೆಯದೋ ಸಲ.

"ಮೊದಲು ಲಂಚ್ ಒಂದು ಮುಗೀಲಿ."

ಎಂ ತಗೊಂಡೆವು. ಮಾವಿನ ಚಿಗುರಿನ ಕೆಂಪು, ಅಲ್ಲಲ್ಲಿ ಬಿಳಿ ಹೂವು. ತೋಳು ಮಾತ್ರ ಅಗಲ, ಗಂಟೆ ಹಾಗೆ. ತೋಳಿಲ್ಲದ್ದು ಹಾಕುವ ಧೈರ್ಯ ನನಗಿರಲಿಲ್ಲ.

ಈ ಸಲ ನನ್ನ ಗಂಡನಿಗೆ ತಾರೀಖು ತಿಳಿದಿರಲಿಲ್ಲ. ಲಂಚಿನ ದಿನ ಅವರು ಸ್ನಾನಕ್ಕೆ ಹೋದಾಗ ಡ್ರೆಸ್ ಹಾಕಿಕೊಂಡೆ. ಮೆಟ್ಟಿಲಿನ ಗ್ರಿಲ್ ಬಾಗಿಲ ಬೀಗ ತೆಗೆಯುತ್ತಿದ್ದೆ, ಅವರು ಟವೆಲ್ಲಿನಲ್ಲೇ ಹೊರಗೆ ಬಂದರು. ಎಪ್ಪತ್ತಾರಾದರೂ ಕೈಯಲ್ಲಿ ಇನ್ನೂ ಹೊಲದ ಗೇಯ್ಮೆಯ ಬಲ.

"ಏನೇ ಇದು? ನೈಟಿ ಆಕ್ಕಂಡು ಎಲ್ಲಿಗ್ ಒಂಟೆ?"

"ನೈಟಿ ಅಲ್ಲರೀ. ಡ್ರೆಸ್ಸು."

"ಅಲೆಲೆ, ಡ್ರೆಸ್ಸಂತೆ. ನೈಟಿ ಮ್ಯಾಕೊಂದು ಟವಲ್ಲಾದ್ರೂ ಆಕ್ಕಂಡು ಓಗ್ತಾರೆ ಆಲ್ ತರಕ್ಕೆ. ನಿಂಗೆ ಅಷ್ಟೂ ಮಾನ ಇಲ್ವಾ? ನಡಿ ಒಳೀಕೆ."

ಬೀಗ ತೆರೆಯಿತು. ಅವರ ಕೈ ಬೆನ್ನಿಗೆ ಬಂತು, ಅಲ್ಲಿ ಬಟ್ಟೆ ಸಿಗಲಿಲ್ಲ. ಡ್ರೆಸ್ಸಿನ ಅಗಲ ತೋಳು, ಅದರೊಳಗಿನ ನನ್ನ ಕೈ ಸಿಕ್ಕಿತು. ಬಟ್ಟೆ ಒಗೆದು ಹಿಂಡುವ ಹಾಗೆ ತಿರುಚಿದರು, ಭುಜದೊಳಗೆ ಏನೋ ಕಳಕ್ ಅಂದಿತು. ನಾನು ಗ್ರಿಲ್ ಹಿಡಿದುಕೊಂಡೆ. ಇನ್ನೊಂದು ಕೈಯಿಂದ ನನ್ನ ತಲೆಯನ್ನು ಅದೇ ಗ್ರಿಲ್ಲಿಗೆ ಹೊಡೆದರು, ಒಂದು ಸಲ, ಮತ್ತೊಂದು ಸಲ. ಕೆಳಗೆ ಟೀವಿಯಲ್ಲಿ ಯಾರೋ ಜೋರಾಗಿ ನಕ್ಕರು. ಕಣ್ಣಿಗೆ ರಕ್ತ ಬಂತು. ಬೆನ್ನ ಹಿಂದೆ ಅವರು ಕಾಲೆತ್ತಿ ಒದ್ದದ್ದು ಸೊಂಟಕ್ಕೆ ಬಿತ್ತು. ಗ್ರಿಲ್ ಬಿಡಲಿಲ್ಲ ನಾನು.

ಆಮೇಲೆ ತಲೆ ಹಿಡಿದಿದ್ದ ಅವರ ಕೈ ನನ್ನ ಬಾಯಿಯ ಹತ್ತಿರ ಬಂತು. ಕಚ್ಚಿದೆ. ನಾಯಿ ಕಚ್ಚಿದ ಹಾಗೆ ಕಚ್ಚಿದೆ, ಬಿಡದೆ. ಸೋಪಿನ ಕಹಿ, ಅದರ ಕೆಳಗೆ ಉಪ್ಪು. ಹಲ್ಲಿಗೆ ಮೂಳೆ ಸಿಕ್ಕಿತು. ಅವರು ಕಿರುಚಿ ಹಿಂದಕ್ಕೆ ಜಗ್ಗಿದರು, ಭುಜದ ಹೊಲಿಗೆ ಪರ್ರ್ ಅಂತ ಬಿಟ್ಟಿತು. ಡ್ರೆಸ್ಸಿನ ಇಡೀ ತೋಳು ಅವರ ಕೈಯಲ್ಲಿ ಉಳಿಯಿತು. ಅದನ್ನು ಹಿಡಿದುಕೊಂಡೇ ಅವರು ಒದ್ದೆ ನೆಲದ ಮೇಲೆ ಕೂತುಬಿಟ್ಟರು. ನಾನು ಇಳಿದೆ. ಅಂಚು ಹಿಮ್ಮಡಿಗಿಂತ ಮೇಲಿದ್ದದ್ದಕ್ಕೆ ಮೆಟ್ಟಿಲಲ್ಲಿ ಎಡವಲಿಲ್ಲ.

ಆಟೋದವನು ಕನ್ನಡಿಯಲ್ಲಿ ನೋಡಿ "ಆಸ್ಪತ್ರೆಗಾ ಅಮ್ಮ?" ಅಂದ.

"ಇಲ್ಲಪ್ಪ. ಹೆಬ್ಬಾಳ. ಊಟಕ್ಕೆ."

ಅವನು ಮುಖ ಒರೆಸುವ ತನ್ನ ಬಟ್ಟೆ ಹಿಂದಕ್ಕೆ ಕೊಟ್ಟ. ಹಣೆಗೆ ಒತ್ತಿಕೊಂಡೆ.

ಹೋಟೆಲಿನಲ್ಲಿ ಉದ್ದ ಟೇಬಲ್, ಸುತ್ತ ಬಿಳಿ ತಲೆಗಳು, ಬಣ್ಣಬಣ್ಣದ ಕುಚ್ಚುಗಳು. ಕಣ್ಣು ಸರಿ ಕಾಣದ ಒಬ್ಬಳು ನನ್ನ ಬರಿ ಭುಜ ನೋಡಿ ನಕ್ಕಳು. "ಅಬ್ಬಾ, ಏನೇ ಇದು, ಒನ್ ಶೋಲ್ಡರ್ ಹಾಕ್ಕೊಂಡ್ ಬಂದಿದ್ದೀಯ. ನಮ್ಮೆಲ್ಲರನ್ನೂ ಮೀರಿಸಿಬಿಟ್ಟೆ."

ಹೂಂ ಅಂದುಬಿಡಬಹುದಿತ್ತು. ಮೆಟ್ಟಿಲಲ್ಲಿ ಬಿದ್ದೆ ಅನ್ನಬಹುದಿತ್ತು, ಅದು ಯಾವಾಗಲೂ ನಾಲಿಗೆ ತುದಿಯಲ್ಲಿ ರೆಡಿ ಇರುತ್ತದೆ. ಸಿಸ್ಟರ್‌ಗಳು ಕಲಿಸಿದ ಇಂಗ್ಲಿಷಿನಲ್ಲಿ, ಒಂದೊಂದೇ ಪದ ಬಿಡಿಸಿ ಹೇಳಿದೆ: "ಮೈ ಹಸ್ಬೆಂಡ್ ಟೋರ್ ಇಟ್."

ಆಗ ಎಲ್ಲರೂ ನನ್ನ ಹಣೆ ನೋಡಿದರು.

"ಇವತ್ತಾ?" ಅಂದಳು ನಮ್ಮ ಹಳೆಯ ಕ್ಲಾಸ್ ಲೀಡರ್.

"ಇವತ್ತೂ."

"ಹಾಗಾದ್ರೆ ನಿನ್ನ ವೈರಲ್ ಫೀವರ್..."

"ಹೂಂ ಕಣೇ. ಅದೆಲ್ಲ ಅದೇ."

ಪಕ್ಕದವಳು ತನ್ನ ಸ್ಟೋಲ್ ತೆಗೆದು ನನ್ನ ಭುಜಕ್ಕೆ ಹೊದಿಸಲು ಬಂದಳು. ತೋಳಿನ ಮೇಲೆ ನಾಲ್ಕು ಬೆರಳ ಗುರುತು ಆಗಲೇ ನೇರಳೆಯಾಗಿತ್ತು. ಬೇಡ, ಮುಚ್ಚಬೇಡ, ಎಲ್ಲರೂ ನೋಡಲಿ ಅಂದೆ. ಅವಳು ಸ್ಟೋಲನ್ನು ಮಡಿಲಲ್ಲಿ ಇಟ್ಟುಕೊಂಡು ಅಳಲು ಶುರುಮಾಡಿದಳು. ನನಗೆ ಹಸಿವಾಗಿತ್ತು. ಬಲಗೈ ಮೇಲೇಳುತ್ತಿರಲಿಲ್ಲ, ಕ್ಲಾಸ್ ಲೀಡರ್ ಅನ್ನ ಕಲಸಿ ಚಮಚವನ್ನು ನನ್ನ ಎಡಗೈಗೆ ಕೊಟ್ಟಳು. ತಿಂದೆ. ಐಸ್‌ಕ್ರೀಮ್ ಕೂಡ ತಿಂದೆ.

ಅಷ್ಟರಲ್ಲಿ ಯಾರೋ ಮಗಳಿಗೆ ಫೋನ್ ಮಾಡಿದ್ದರು. ಅವಳು ಓಡಿ ಬಂದು ನನ್ನ ಮುಂದೆ ನಿಂತಳು.

"ಗಂಗಾನಗರಕ್ಕೆ ಬೇಡ," ಅಂದೆ. "ಮೊದಲು ಎಕ್ಸ್-ರೇ, ಆಮೇಲೆ ಪೊಲೀಸ್ ಸ್ಟೇಷನ್. ಅದಾದ್ಮೇಲೆ ನಿಮ್ಮನೆ. ಅಲ್ಲಿವರೆಗೂ ಈ ಬಟ್ಟೆ ಬದಲಾಯಿಸಲ್ಲ."