ಹೊಡೆದುಹಾಕಿದ ಶಬ್ದ

ನಲವತ್ತು ಕರಪತ್ರಗಳಲ್ಲಿ ಒಂದೇ ಶಬ್ದವನ್ನು ನನ್ನ ಕೈಯಾರೆ ಹೊಡೆದುಹಾಕಿದ್ದೇನೆ. ಕಪ್ಪು ಮಾರ್ಕರಿನಿಂದ, ಯಾರಿಗೂ ಓದಲು ಬಾರದಂತೆ. ಆ ಶಬ್ದ ‘ವಕೀಲರು’. ಇವತ್ತಿಗೂ ನೆನೆದರೆ ಮೈ ಉರಿಯುತ್ತದೆ.

ಧಾರವಾಡದ ಕೋರ್ಟಿನಲ್ಲಿ ಹದಿನೆಂಟು ವರ್ಷ ವಕೀಲಿ ಮಾಡಿದವಳು ನಾನು. ಶುರುವಿನಲ್ಲಿ ಅಲ್ಲಿಯೂ ಯಾರೂ ನನ್ನನ್ನು ಹಾಗೆ ಕರೆಯುತ್ತಿರಲಿಲ್ಲ. ಕಕ್ಷಿದಾರರಿಗೂ ‘ಅಕ್ಕಾರ’, ಕೋರ್ಟಿನ ಜವಾನ ಪಟ್ಟೇವಾಲನಿಗೂ ‘ಅಕ್ಕಾರ’. ಕರಿಕೋಟು ಹಾಕಿಕೊಂಡು, ಫೈಲು ಹೊತ್ತು ಕೋರ್ಟಿನ ಬಾಗಿಲಲ್ಲಿ ಎದುರಿಗೇ ನಿಂತಿದ್ದರೂ ‘ಅಕ್ಕಾರ, ವಕೀಲ್ರ ಎಲ್ಲದಾರ್ರಿ?’ ಎಂದು ನನ್ನನ್ನೇ ಕೇಳುತ್ತಿದ್ದರು. ಐದಾರು ವರ್ಷ ಕಳೆದ ಮೇಲೆ ಒಂದು ಜಮೀನಿನ ದಾವೆಯಲ್ಲಿ ಎದುರು ಪಕ್ಷದ ಸಾಕ್ಷಿಗೆ ಪಾಟೀಸವಾಲಿನಲ್ಲಿ ಬೆವರಿಳಿಸಿ ಹೊರಗೆ ಬಂದೆ. ಬಾಗಿಲಲ್ಲಿದ್ದ ಅದೇ ಪಟ್ಟೇವಾಲ, ‘ಚಾ ತರಸ್ಲೇನ್ರಿ ವಕೀಲ್ರ?’ ಎಂದ. ವಕೀಲಿಯ ಸನ್ನದು ಸಿಕ್ಕ ದಿನವೂ ಅಳದವಳು ಅವತ್ತು ಗೋಡೆಗೆ ಮುಖ ತಿರುಗಿಸಿ ಕಣ್ಣೊರೆಸಿಕೊಂಡಿದ್ದೆ.

ಈಗ ದೇಶ ಬಿಟ್ಟು ಬಂದು, ಸ್ಟ್ರೀಟ್ಸ್‌ವಿಲ್‌ನ ಕ್ವೀನ್ ಸ್ಟ್ರೀಟಿನಲ್ಲಿ, ಬೇಕರಿಯ ಮೇಲಿನ ಒಂದು ಲಾಯರ್ ಆಫೀಸಿನಲ್ಲಿ ನಾನು ಕ್ಲರ್ಕು. ಮನೆ ಮಾರುವವರ, ಕೊಳ್ಳುವವರ ಕಾಗದಪತ್ರ ಸಿದ್ಧಮಾಡುತ್ತೇನೆ. ಕೆಳಗೆ ಸಹಿ ಇನ್ನೊಬ್ಬರದು. ಇಲ್ಲಿನ ಪರೀಕ್ಷೆಗಳನ್ನೆಲ್ಲ ಪಾಸು ಮಾಡಿದ್ದೇನೆ. ಉಳಿದದ್ದು ತರಬೇತಿ. ಅದಕ್ಕೆ ಆಫೀಸಿನ ಯಜಮಾನರಾದ ಲಾಯರು ಒಪ್ಪಿ ಸಹಿ ಹಾಕಬೇಕು, ಆಮೇಲೆ ಪರವಾನಗಿ. ಅದು ಸಿಗುವ ತನಕ ವಕೀಲಳೆಂದು ಹೇಳಿಕೊಳ್ಳುವಂತಿಲ್ಲ. ಅದು ಕಾನೂನು, ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಯಜಮಾನರ ಕೋಣೆಯ ಗಾಜಿನ ಕಪಾಟಿನಲ್ಲಿ ಚರ್ಮದ ರಟ್ಟಿನ ಹಳೆಯ ಪುಸ್ತಕವೊಂದಿದೆ. ಹತ್ತೊಂಬತ್ತನೇ ಶತಮಾನದ ಅಮೆರಿಕದ ವಕೀಲನೊಬ್ಬ ಸಾಕ್ಷ್ಯದ ಕಾನೂನಿನ ಮೇಲೆ ಬರೆದದ್ದು. ಊಟದ ಬಿಡುವಿನಲ್ಲಿ ಅದನ್ನು ಕೇಳಿ ಪಡೆದು ಓದಿದೆ, ಆಮೇಲೆ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದೆ. ಆಸಾಮಿ ಕಾಲೇಜಿನ ಮೆಟ್ಟಿಲು ಹತ್ತಿದವನಲ್ಲ. ಒಬ್ಬ ವಕೀಲನ ಕಚೇರಿಯಲ್ಲಿ ಕಸ ಗುಡಿಸುತ್ತ, ಕರಾರುಪತ್ರ ನಕಲು ಮಾಡುತ್ತ ಕಾನೂನು ಕಲಿತ. ನ್ಯಾಯಾಧೀಶನೊಬ್ಬ ಊಟದ ನಂತರ ನಾಲ್ಕು ಪ್ರಶ್ನೆ ಕೇಳಿ ಸನ್ನದು ಕೊಟ್ಟುಬಿಟ್ಟ. ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದಾಗ ಒಂದು ಪರಿಚಯಪತ್ರ ತೋರಿಸಿದ, ಮರುದಿನವೇ ಬಾಗಿಲಿಗೆ ಬೋರ್ಡು ಬಡಿದ. ನಡುವಯಸ್ಸು ದಾಟಿದ ಮೇಲೆ ಬರೆದ ಈ ಪುಸ್ತಕವನ್ನು ಎಷ್ಟೋ ವರ್ಷ ಕೋರ್ಟುಗಳಲ್ಲಿ ಎತ್ತಿ ಹೇಳುತ್ತಿದ್ದರಂತೆ. ಬರವಣಿಗೆ ನಿಜಕ್ಕೂ ಘನವಾದದ್ದು. ಅವನ ಮೇಲೆ ನನಗೆ ಗೌರವವೂ ಇದೆ, ಹೊಟ್ಟೆಕಿಚ್ಚೂ ಇದೆ.

ತಿಂಗಳಿಗೊಮ್ಮೆ ಲೈಬ್ರರಿಯ ಕೋಣೆಯಲ್ಲಿ ನಾವೊಂದಿಷ್ಟು ಕನ್ನಡದವರು ಸೇರುತ್ತೇವೆ. ಅದನ್ನು ನಡೆಸುವವರು ಬೆಳಗಾವಿ ಕಡೆಯ ಒಬ್ಬ ಕಾಕಾ, ಬಸ್ ಓಡಿಸಿ ರಿಟೈರಾದವರು. ‘ಈ ಸಲ ಆ ಅಮೆರಿಕದಂವನ ಕತಿ ನೀವ ಹೇಳ್ರಿ ವಕೀಲ್ರ’ ಎಂದರು. ಇಲ್ಲಿರುವ ನಮ್ಮ ಕಡೆಯವರೆಲ್ಲ ನನ್ನನ್ನು ಕರೆಯುವುದೇ ಹಾಗೆ. ರಿಟೈರಾದ ಮಾಸ್ತರರನ್ನು ಯಾರಾದರೂ ಮಾಸ್ತರ ಅನ್ನುವುದು ಬಿಡುತ್ತಾರೆಯೇ? ಕಾಕಾ ಖುಷಿಯಿಂದ ಕರಪತ್ರ ಮಾಡಿಸಿದರು. ನನ್ನ ಹೆಸರಿನ ಮುಂದೆ ‘ವಕೀಲರು’ ಎಂದು ಕನ್ನಡದಲ್ಲಿ. ಇಲ್ಲಿ ಹುಟ್ಟಿದ ಮಕ್ಕಳಿಗೂ ತಿಳಿಯಲೆಂದು ಪಕ್ಕದಲ್ಲೇ ಇಂಗ್ಲಿಷಿನಲ್ಲಿ ‘ಲಾಯರ್’. ಅದು ವಾಟ್ಸ್ಯಾಪಿನಲ್ಲಿ ಊರೆಲ್ಲ ಸುತ್ತಿ, ಯಾವ ಪುಣ್ಯಾತ್ಮರ ದಯೆಯಿಂದಲೋ ಆಫೀಸಿನ ಯಜಮಾನರ ಫೋನಿಗೂ ಬಂತು.

ಯಜಮಾನರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕುರ್ಚಿ ತೋರಿಸಿ, ಬಹಳ ಮೆತ್ತಗೆ, ‘ಇದು ನಿಮ್ಮ ನಡತೆಯ ಪ್ರಶ್ನೆಯಾಗುತ್ತದೆ. ಸರಿಪಡಿಸದೆ ನಾನು ಸಹಿ ಹಾಕಲಾರೆ’ ಎಂದರು. ಅದು ನಮ್ಮವರು ಕರೆಯುವ ರೂಢಿ, ನಾನು ಹಾಕಿಕೊಂಡ ಬಿರುದಲ್ಲ ಎಂದೆ. ‘ನಿಮ್ಮ ಭಾಷೆ ನನಗೆ ಗೊತ್ತಿಲ್ಲ. ಇಂಗ್ಲಿಷ್ ಓದಲು ಬರುತ್ತದೆ’ ಎಂದು ನಕ್ಕರು. ಅವರ ಬೆನ್ನ ಹಿಂದೆ ಗಾಜಿನೊಳಗೆ ಆ ಪುಸ್ತಕ. ನಾಲ್ಕು ಪ್ರಶ್ನೆಗೆ ವಕೀಲನಾದವನನ್ನು ಕಪಾಟಿನಲ್ಲಿಟ್ಟು ಪೂಜಿಸುವ ಮನುಷ್ಯ ನನ್ನ ನಡತೆಯನ್ನು ತೂಗುತ್ತಿದ್ದರು! ಆದರೂ ‘ಸರಿಪಡಿಸುತ್ತೇನೆ’ ಎಂದು ಎದ್ದುಬಂದೆ. ಹಾಗೆ ಎದ್ದುಬಂದದ್ದಕ್ಕೆ ನನ್ನ ಮೇಲೆ ನನಗೇ ಸಿಟ್ಟು.

ಮನೆಯಲ್ಲಿ ಮಗಳಿಗೆ ಹೇಳಿದೆ. ‘ಇಟ್ಸ್ ಜಸ್ಟ್ ಎ ವರ್ಡ್, ಅಮ್ಮಾ’ ಎಂದಳು. ‘ಬರೇ ಶಬ್ದ ಆದ್ರ ಅವರಿಗ್ಯಾಕ ಅಷ್ಟು ಚುಚ್ಚತೈತಿ, ಹೋಗಿ ಕೇಳು!’ ಎಂದು ಕೂಗಾಡಿಬಿಟ್ಟೆ. ಪಾಪ, ಅವಳದೇನು ತಪ್ಪು.

ಭಾಷಣದ ದಿನ ಎಲ್ಲರಿಗಿಂತ ಮೊದಲು ಹೋಗಿ, ಮೇಜಿನ ಮೇಲಿದ್ದ ಕರಪತ್ರಗಳನ್ನು ಎಳೆದುಕೊಂಡು ಕುಳಿತೆ. ಇಂಗ್ಲಿಷಿನದನ್ನು ಹೊಡೆದೆ, ಅರ್ಥ ಒಂದೇ ತಾನೇ ಎಂದು ಕನ್ನಡದ್ದನ್ನೂ ಹೊಡೆದೆ. ಕಾಕಾ ಗಾಬರಿಯಾಗಿ ಬಂದರು.

‘ಏನ್ ಮಾಡಾಕತ್ತೀರಿ? ನಾ ಏನರ ಸುಳ್ಳ ಬರದೀನೇನ್ರಿ?’

‘ಸುಳ್ಳಲ್ರಿ ಕಾಕಾ. ಇಲ್ಲೆ ಹಂಗ ಅನ್ನೂಹಂಗಿಲ್ಲ. ಇನ್ಮ್ಯಾಲ ನನಗ ಹಂಗ ಕರೀಬ್ಯಾಡ್ರಿ.’

ಅವರು ಹೊಡೆದ ಕರಪತ್ರವೊಂದನ್ನು ಎತ್ತಿ ನೋಡಿದರು. ಆಮೇಲೆ ನನಗೆ ನೋವಾಗಬಾರದೆಂದು, ಪ್ರೀತಿಯಿಂದಲೇ ಕೇಳಿದರು: ‘ಹಂಗಾರ ಅಕ್ಕಾರ ಅನ್ಲೇನ್ರಿ?’

ಹೂಂ ಎಂದೆ. ಎಷ್ಟೋ ಸಾಕ್ಷಿಗಳ ಬೆವರಿಳಿಸಿ ಗಳಿಸಿಕೊಂಡದ್ದು ಹೋಗಿ, ಮತ್ತೆ ಫೈಲು ಹೊತ್ತು ಬಾಗಿಲಲ್ಲಿ ನಿಂತ ಹುಡುಗಿಯಾದೆ. ಅವತ್ತು ಆ ಅಮೆರಿಕದವನ ಕತೆಯನ್ನು ಎಷ್ಟು ಜೋರಾಗಿ ಹೇಳಿದೆನೆಂದರೆ, ಲೈಬ್ರರಿಯವರು ಬಂದು ಬಾಗಿಲು ಮುಚ್ಚಿ ಹೋದರು.

ಯಜಮಾನರು ಮಾತಿನಂತೆ ಸಹಿ ಹಾಕಿದರು. ತರಬೇತಿಯ ಅರ್ಜಿಯನ್ನು ತುಂಬುತ್ತ ಕುಳಿತಾಗ ಒಂದು ಪ್ರಶ್ನೆ ಎದುರಾಯಿತು: ಈ ಹಿಂದೆ ನಿಮ್ಮನ್ನು ಬೇರೆ ಯಾವ ಹೆಸರಿನಿಂದ ಕರೆಯುತ್ತಿದ್ದರು? ಯಾವುದನ್ನೂ ಮುಚ್ಚಿಡಬಾರದು, ಮುಚ್ಚಿಟ್ಟರೆ ಅರ್ಜಿ ತಿರಸ್ಕಾರವಾಗಬಹುದು ಎಂದು ಕೆಳಗೆ ದಪ್ಪಕ್ಷರದಲ್ಲಿತ್ತು. ಮದುವೆಗೆ ಮುಂಚಿನ ಮನೆತನದ ಅಡ್ಡಹೆಸರು ಬರೆದೆ. ಇನ್ನೂ ಒಂದು ಸಾಲು ಖಾಲಿ ಇತ್ತು. ಅದರಲ್ಲಿ ಕನ್ನಡದಲ್ಲೇ, ಒತ್ತಿ ಬರೆದೆ: ವಕೀಲ್ರ.

ಅರ್ಥ ಬೇಕಾದವರು ನನ್ನನ್ನು ಕರೆಸಿ ಕೇಳಲಿ.